ಕ್ರೈಸ್ತ ಧರ್ಮ ಅರ್ಥ ಮಾಡ್ಕೋಬೇಕಾ? ಭಾನುವಾರದಿಂದ ಶುರು ಮಾಡಿ

ಏಳೆಂಟು ವರ್ಷದ ಹಿಂದೆ ಪಕ್ಕದ್ಮನೆ ಆಂಟಿ ಮಗಳ ಮದುವೆ, ಚರ್ಚಲ್ಲಿ. ಹಿಂದಿನ ಬೆಂಚಲ್ಲಿ ಕೂತಿದ್ದೆ, ಅರ್ಧ ಆದ್ಮೇಲೆ ಎಲ್ಲರೂ ಎದ್ದು ಲೈನ್ ನಿಂತ್ಕೊಂಡ್ರು, ಮುಂದೆ ಫಾದರ್ ಬಿಳೀ ಬಿಲ್ಲೆ ಥರದ್ದೇನೋ ಒಬ್ಬೊಬ್ರಿಗೂ ಕೊಡ್ತಾ ಇದ್ರು. ನಮಗೆ ಗೊತ್ತಿರೋದು ಒಂದೇ, ದೇವಸ್ಥಾನದಲ್ಲಿ ಲೈನ್ ಇದೆ ಅಂದ್ರೆ ಪ್ರಸಾದ ಕೊಡ್ತಿದ್ದಾರೆ ಅಂತ. ನಾನೂ ಹೋಗಿ ನಿಂತೆ. ನನ್ನ ಸರದಿ ಬಂತು, ಫಾದರ್ "ಕ್ರಿಸ್ತರ ಶರೀರ" ಅಂದ್ರು, ಅದಕ್ಕೆ "ಆಮೆನ್" ಅನ್ಬೇಕಿತ್ತಂತೆ, ನಾನು ಬಲಗೈ ಚಾಚಿ "ಥ್ಯಾಂಕ್ಸ್ ಫಾದರ್" ಅಂದೆ. ಅವರಿಗೆ ಅರ್ಥ ಆಗೋಯ್ತು. ನಕ್ಕು, ಬಿಲ್ಲೇನ ವಾಪಸ್ ಬಟ್ಟಲಿಗೆ ಹಾಕಿ, ನನ್ನ ತಲೆ ಮೇಲೆ ಕೈಯಿಟ್ಟು ಆಶೀರ್ವಾದ ಮಾಡಿ ಕಳಿಸಿದ್ರು. ಆಮೇಲೆ ಊಟದ ಹೊತ್ತಲ್ಲಿ ಆಂಟಿ ಹತ್ರ ಹೇಳ್ದಾಗ ಅವರು ಬಿದ್ದು ಬಿದ್ದು ನಕ್ಕರು, "ಅದಕ್ಕೆ ಪರಮಪ್ರಸಾದ ಅಂತಾನೇ ಹೆಸರು ಕಣಪ್ಪ, ಆದ್ರೆ ನೀನಂದ್ಕೊಂಡಿರೋ ಪ್ರಸಾದ ಅಲ್ಲ" ಅಂತ.

ಅಲ್ಲಿಂದ ಹಿಡಿದ ಹುಚ್ಚು ಇದು. ನಾನು ಕ್ರಿಶ್ಚಿಯನ್ ಅಲ್ಲ, ಆಗೋ ಪ್ಲಾನೂ ಇಲ್ಲ, ಯಾರನ್ನೂ ಮಾಡೋಕೂ ಬರ್ತಿಲ್ಲ, ಬಯ್ಯೋಕಂತೂ ಅಲ್ಲವೇ ಅಲ್ಲ. ಸ್ನೇಹಿತರ ಮನೆ ಮದುವೆಗೆ, ಸಾವಿಗೆ, ಕ್ರಿಸ್ಮಸ್ ಊಟಕ್ಕೆ ಹೋಗಿ ಏನು ನಡೀತಿದೆ ಅಂತ ಗೊತ್ತಾಗದೆ ಕೂತ್ಕೋತೀವಲ್ಲ, ಆ ಥರದವರಿಗೆ ಇದು. ನಮ್ಮ ಕಷ್ಟ ಏನಂದ್ರೆ ಕನ್ನಡದಲ್ಲಿ ಪದಗಳು ನಮಗೆ ಮೊದಲೇ ಗೊತ್ತಿರೋವು, ದೇವರು, ಪಾಪ, ಪ್ರಸಾದ, ಬಲಿ, ಪೂಜೆ, ದೀಕ್ಷೆ ಎಲ್ಲಾ ನಮ್ಮನೇ ಪದಗಳೇ, ಆದ್ರೆ ಒಳಗಿರೋ ಅರ್ಥ ಬೇರೆ. ಪದ ಗೊತ್ತಿದೆ ಅಂತ ಅರ್ಥಾನೂ ಗೊತ್ತಿದೆ ಅಂದ್ಕೊಂಡ್ರೆ ನನ್ನ ಥರ ಲೈನಲ್ಲಿ ನಿಂತ್ಕೋತೀರ.

ಬೈಬಲ್‌ನ ಮೊದಲ ಪುಟದಿಂದ ಓದ್ಬೇಡಿ

ಎಲ್ಲರೂ ಮಾಡೋ ತಪ್ಪು ಇದು, ನಾನೂ ಮಾಡ್ದೆ. ಆದಿಕಾಂಡ ಚೆನ್ನಾಗೇ ಓದಿಸ್ಕೊಂಡು ಹೋಗತ್ತೆ, ಅಣ್ಣತಮ್ಮಂದಿರ ಜಗಳ, ಆಸ್ತಿ, ಕನಸು, ಬರಗಾಲ, ಒಳ್ಳೇ ಸೀರಿಯಲ್ ಥರ. ವಿಮೋಚನಕಾಂಡದ ಅರ್ಧದವರೆಗೂ ಓಕೆ. ಆಮೇಲೆ ಯಾಜಕಕಾಂಡ ಬರತ್ತೆ, ಯಾವ ಬಲಿಗೆ ಯಾವ ಪ್ರಾಣಿ, ಕೊಬ್ಬು ಎಲ್ಲಿ ಸುಡ್ಬೇಕು, ಗೋಡೇಲಿ ಬೂಷ್ಟು ಬಂದ್ರೆ ಏನ್ಮಾಡ್ಬೇಕು ಅಂತ, ಅಲ್ಲಿಗೆ ನೂರಕ್ಕೆ ತೊಂಬತ್ತು ಜನ ಪುಸ್ತಕ ಮುಚ್ಚಿಡ್ತಾರೆ.

ಬೈಬಲ್ ಅನ್ನೋದು ಒಂದು ಪುಸ್ತಕ ಅಲ್ಲ, ಪುಸ್ತಕದ ಕಪಾಟು. ಹಳೆಯ ಒಡಂಬಡಿಕೆ ಅನ್ನೋ ಭಾಗ ಯೆಹೂದ್ಯರ ಧರ್ಮಗ್ರಂಥ, ಬಹುಪಾಲು ಹೀಬ್ರೂ ಭಾಷೇಲಿರೋದು. ಹೊಸ ಒಡಂಬಡಿಕೆ ಯೇಸು ಆದ್ಮೇಲೆ ಗ್ರೀಕ್‌ನಲ್ಲಿ ಬರೆದಿದ್ದು, ಅದರಲ್ಲಿ 27 ಪುಸ್ತಕ. ಪ್ರೊಟೆಸ್ಟೆಂಟರ ಬೈಬಲ್‌ನಲ್ಲಿ ಒಟ್ಟು 66, ಕ್ಯಾಥೊಲಿಕರದ್ರಲ್ಲಿ 73 (ಇವೆರಡೂ ಕ್ರೈಸ್ತರ ಪಂಗಡಗಳು, ಹೇಗೆ ಬೇರೆಯಾದ್ರು ಅನ್ನೋದು ಮುಂದೆ ಬರತ್ತೆ), ವ್ಯತ್ಯಾಸ ಇರೋದು ಹಳೆಯ ಒಡಂಬಡಿಕೇಲಿ ಮಾತ್ರ. ಸತ್ಯವೇದ ಅಂತ ಕರೆಯೋ ಹಳೇ ಕನ್ನಡ ಬೈಬಲ್‌ನಲ್ಲಿ ಯೇಸು "ಹೇಳಿದನು" ಅಂತ ಇರತ್ತೆ, ಕ್ಯಾಥೊಲಿಕರು ಓದೋ ಅನುವಾದದಲ್ಲಿ ಯೇಸುಸ್ವಾಮಿ "ಹೇಳಿದರು" ಅಂತ. ನನಗೆ ಓದೋಕೆ ಎರಡನೇದು ಸಲೀಸು, ಆದ್ರೆ ಗಟ್ಟಿಯಾಗಿ ಓದಿದ್ರೆ ಹಳೇದರ ಗತ್ತೇ ಬೇರೆ.

ಓದೋ ಆರ್ಡರ್ ನಾನು ಹೇಳೋದು ಹೀಗೆ. ಮೊದಲು ಮಾರ್ಕ. ಯೇಸುವಿನ ಬದುಕಿನ ಕತೆ ಹೇಳೋ ನಾಲ್ಕು ಸುವಾರ್ತೆಗಳಲ್ಲಿ (ಕ್ಯಾಥೊಲಿಕರು ಶುಭಸಂದೇಶ ಅಂತಾರೆ) ಇದೇ ಚಿಕ್ಕದು, 16 ಅಧ್ಯಾಯ, ಒಂದು ಮಧ್ಯಾಹ್ನದಲ್ಲಿ ಮುಗಿಯತ್ತೆ, ಹೆಚ್ಚಿನ ವಿದ್ವಾಂಸರು ಇದೇ ಮೊದಲು ಬರೆದಿದ್ದು, ಕ್ರಿ.ಶ. 70ರ ಆಸುಪಾಸು ಅಂತಾರೆ. ಆಮೇಲೆ ಲೂಕನ 15ನೇ ಅಧ್ಯಾಯ ಒಂದೇ. ಆಮೇಲೆ ಪೌಲ ಅನ್ನೋ ಶುರುವಿನ ಕಾಲದ ಪ್ರಚಾರಕ ಕೊರಿಂಥ ಊರಿನ ಕ್ರೈಸ್ತರಿಗೆ ಬರೆದ ಮೊದಲ ಪತ್ರದ 15ನೇ ಅಧ್ಯಾಯ. ಆಮೇಲೆ ಅಪೊಸ್ತಲರ ಕೃತ್ಯಗಳು, ಅದು ಪೂರ್ತಿ ಟ್ರಾವೆಲ್ ಸ್ಟೋರಿ, ಹಡಗು ಮುಳುಗೋದೂ ಇದೆ. ಇಷ್ಟಾದ್ಮೇಲೆ ಹಿಂದೆ ಹೋಗಿ ಆದಿಕಾಂಡದ ಮೊದಲ ಮೂರು ಅಧ್ಯಾಯ, ವಿಮೋಚನಕಾಂಡದ 12ನೇದು ಓದಿ, ಆಗ ಅವರು ಯಾಕೆ ಪದೇ ಪದೇ "ಕುರಿಮರಿ" ಅಂತಾರೆ ಅನ್ನೋದು ಗೊತ್ತಾಗತ್ತೆ. ಕೊನೇ ಪುಸ್ತಕ ಪ್ರಕಟನೆ, ಅದನ್ನ ದಯವಿಟ್ಟು ಮೊದಲ ವರ್ಷ ಮುಟ್ಬೇಡಿ.

ಆ ಮೂರು ದಿನ

ನಾನಂದ್ಕೊಂಡಿದ್ದು ಕ್ರಿಸ್ಮಸ್ಸೇ ಇವರ ದೊಡ್ಡ ಹಬ್ಬ ಅಂತ. ಸ್ಟಾರು, ಕೇಕು, ಕುಸ್ವಾರ್ (ಕರಾವಳಿಯವರ ಕ್ರಿಸ್ಮಸ್ ತಿಂಡಿಗಳು) ಎಲ್ಲಾ ಅದಕ್ಕೇ ತಾನೇ. ಆದ್ರೆ ಮಾರ್ಕನ ಪುಸ್ತಕದಲ್ಲಿ ಯೇಸು ಹುಟ್ಟಿದ ಕತೆಯೇ ಇಲ್ಲ! ಡಿಸೆಂಬರ್ 25 ಅನ್ನೋ ತಾರೀಕು ಬೈಬಲ್‌ನಲ್ಲಿ ಎಲ್ಲೂ ಇಲ್ಲ, ಅದು ರೋಮ್‌ನಲ್ಲಿ 4ನೇ ಶತಮಾನದಲ್ಲಿ ದಾಖಲಾಗಿದ್ದು. ಹುಟ್ಟಿದ ವರ್ಷಾನೂ ಲೆಕ್ಕ ತಪ್ಪಿದೆ, 525ರಲ್ಲಿ ಡಯೋನಿಸಿಯಸ್ ಅನ್ನೋ ಸನ್ಯಾಸಿ ಕ್ರಿಸ್ತಶಕದ ಲೆಕ್ಕ ಹಾಕಿದ, ಆದ್ರೆ ಯೇಸು ಹುಟ್ಟಿದಾಗ ರಾಜನಾಗಿದ್ದ ಅಂತ ಹೇಳೋ ಹೆರೋದ ಸತ್ತಿದ್ದು ಕ್ರಿ.ಪೂ. 4ರಲ್ಲಿ. ಅಂದ್ರೆ ಕ್ರಿಸ್ತ ಹುಟ್ಟಿದ್ದು ಕ್ರಿಸ್ತಪೂರ್ವದಲ್ಲಿ.

ಇಡೀ ಧರ್ಮ ನಿಂತಿರೋದು ಒಂದು ಗುರುವಾರ ರಾತ್ರಿಯಿಂದ ಭಾನುವಾರ ಬೆಳಗಿನವರೆಗಿನ ಘಟನೆ ಮೇಲೆ. ಗಲಿಲಾಯದ ನಜರೇತ್ ಅನ್ನೋ ಹಳ್ಳಿಯ ಬಡಗಿ, ಅರಮಾಯಿಕ್ ಮಾತಾಡೋ ಯೆಹೂದಿ, ಸುಮಾರು ಮೂವತ್ತನೇ ವಯಸ್ಸಿಗೆ ಬೋಧನೆ ಶುರು ಮಾಡ್ತಾರೆ. ದೇವರ ರಾಜ್ಯ ಹತ್ರ ಬಂದಿದೆ ಅಂತಾರೆ, ಕುಷ್ಠರೋಗಿಗಳನ್ನ ಮುಟ್ತಾರೆ, ಸುಂಕದವರ ಜೊತೆ ಊಟ ಮಾಡ್ತಾರೆ (ಸುಂಕದವರು ಅಂದ್ರೆ ರೋಮನ್ನರಿಗೋಸ್ಕರ ಸ್ವಂತ ಜನರ ಹತ್ರ ವಸೂಲಿ ಮಾಡೋರು, ಜನ ಅವರನ್ನ ಎಷ್ಟು ದ್ವೇಷಿಸ್ತಿದ್ರು ಅಂತ ಯೋಚ್ನೆ ಮಾಡಿ). ಯೆಹೂದ್ಯರ ಪಸ್ಕ ಹಬ್ಬಕ್ಕೆ (ಈಜಿಪ್ಟಿನ ಗುಲಾಮಗಿರಿಯಿಂದ ಬಿಡುಗಡೆಯಾದ ನೆನಪು) ಜೆರುಸಲೇಮಿಗೆ ಬರ್ತಾರೆ, ದೇವಾಲಯದಲ್ಲಿ ವ್ಯಾಪಾರಿಗಳ ಮೇಜು ಉರುಳಿಸ್ತಾರೆ. ಗುರುವಾರ ರಾತ್ರಿ ಹನ್ನೆರಡು ಜನ ಶಿಷ್ಯರ ಜೊತೆ ಊಟ, ರೊಟ್ಟಿ ಮುರಿದು "ಇದು ನನ್ನ ದೇಹ" ಅಂತಾರೆ. ಆ ಬಿಳೀ ಬಿಲ್ಲೆ ಬಂದಿದ್ದು ಇಲ್ಲಿಂದ. ಅದೇ ರಾತ್ರಿ ಶಿಷ್ಯ ಯೂದ ಹಿಡ್ಕೊಡ್ತಾನೆ, ಮುಖ್ಯ ಶಿಷ್ಯ ಪೇತ್ರ ಕೋಳಿ ಕೂಗೋ ಮುಂಚೆ ಮೂರು ಸಲ "ಅವನು ಯಾರೋ ನಂಗೊತ್ತಿಲ್ಲ" ಅಂತಾನೆ. ಶುಕ್ರವಾರ ರೋಮನ್ ಅಧಿಕಾರಿ ಪೊಂತಿಯ ಪಿಲಾತ ಶಿಲುಬೆಗೆ ಹಾಕಿಸ್ತಾನೆ.

ಶಿಲುಬೆ ಇವತ್ತು ಕತ್ತಲ್ಲಿ ಹಾಕ್ಕೊಳ್ಳೋ ಪೆಂಡೆಂಟ್ ಆಗಿದೆ, ಆಗ ಅದು ಗಲ್ಲುಗಂಬ, ಗುಲಾಮರಿಗೂ ದಂಗೆಕೋರರಿಗೂ ಅಂತ ಇಟ್ಟಿದ್ದ ಅತಿ ಹೀನಾಯ ಸಾವು. ಚರ್ಚಲ್ಲಿ ಶಿಲುಬೆ ಮೇಲ್ಗಡೆ ಐ ಎನ್ ಆರ್ ಐ ಅಂತ ಚಿಕ್ಕ ಬೋರ್ಡ್ ಇರತ್ತೆ ನೋಡಿ, "ನಜರೇತಿನ ಯೇಸು, ಯೆಹೂದ್ಯರ ಅರಸ" ಅನ್ನೋ ಲ್ಯಾಟಿನ್ ಮಾತಿನ ಮೊದಲಕ್ಷರಗಳು, ಪಿಲಾತ ವ್ಯಂಗ್ಯಕ್ಕೆ ಹಾಕಿಸಿದ ಅಪರಾಧದ ಚೀಟಿ. ಪಿಲಾತನ ಕೈಕೆಳಗೆ ಕ್ರಿಸ್ತನಿಗೆ ಮರಣದಂಡನೆ ಆಯ್ತು ಅನ್ನೋದನ್ನ ಕ್ರಿಶ್ಚಿಯನ್ನರನ್ನ ಕಂಡ್ರೆ ಆಗದ ರೋಮನ್ ಇತಿಹಾಸಕಾರ ಟ್ಯಾಸಿಟಸ್ಸೂ 2ನೇ ಶತಮಾನದ ಶುರುವಲ್ಲಿ ಬರೆದಿದ್ದಾನೆ, ಹಾಗಾಗಿ ಇಲ್ಲಿವರೆಗಿನ ಕತೇಲಿ ಇತಿಹಾಸಕಾರರಿಗೆ ಅಷ್ಟೇನೂ ತಕರಾರಿಲ್ಲ.

ಇಲ್ಲಿಂದ ಮುಂದೆ ನಂಬಿಕೆ. ಭಾನುವಾರ ಬೆಳಿಗ್ಗೆ ಮಗ್ದಲದ ಮರಿಯಳು ಮತ್ತೆ ಬೇರೆ ಹೆಂಗಸರು ಹೆಣಕ್ಕೆ ಸುಗಂಧದ್ರವ್ಯ ಹಚ್ಚೋಕೆ ಅಂತ ಹೋಗ್ತಾರೆ, ಸಮಾಧಿ ಖಾಲಿ. "ಅವರು ಎದ್ದಿದ್ದಾರೆ." ಮಾರ್ಕನ ಅತಿ ಹಳೇ ಪ್ರತಿಗಳು ಇಲ್ಲೇ ನಿಂತುಹೋಗತ್ತೆ, ಹೆಂಗಸರು ಹೆದರಿ ಓಡಿಹೋದ್ರು, ಯಾರಿಗೂ ಏನೂ ಹೇಳ್ಲಿಲ್ಲ ಅಂತ, ಫುಲ್‌ಸ್ಟಾಪ್. ಆಮೇಲಿನ ಹನ್ನೆರಡು ವಚನ ಯಾರೋ ನಂತರ ಸೇರಿಸಿದ್ದು ಅಂತ ಬಹುತೇಕ ಪಂಡಿತರ ಅಭಿಪ್ರಾಯ. ನನಗೆ ಆ ಹೆದರಿ ಓಡೋ ಎಂಡಿಂಗೇ ಇಷ್ಟ.

ಯೆಹೂದ್ಯರ ಪವಿತ್ರ ದಿನ ಶನಿವಾರ. ಮೊದಲ ಕ್ರಿಶ್ಚಿಯನ್ನರು ಎಲ್ಲರೂ ಯೆಹೂದ್ಯರೇ, ಆದ್ರೂ ಅವರು ಸೇರೋಕೆ ಭಾನುವಾರ ಆರಿಸ್ಕೊಂಡ್ರು, ಯಾಕಂದ್ರೆ ಸಮಾಧಿ ಖಾಲಿ ಆಗಿದ್ದು ಅವತ್ತು. ಪೌಲ ಕ್ರಿ.ಶ. 55ರ ಸುಮಾರಿಗೆ ಬರೆದ ಆ ಕೊರಿಂಥದ ಪತ್ರದಲ್ಲಿ ಸುತ್ತಿ ಬಳಸದೆ ಹೇಳ್ತಾನೆ, ಕ್ರಿಸ್ತ ಎದ್ದಿಲ್ಲ ಅಂದ್ರೆ ನಾವು ಸಾರೋದೂ ವ್ಯರ್ಥ, ನೀವು ನಂಬೋದೂ ವ್ಯರ್ಥ ಅಂತ. ಯೇಸು ಒಳ್ಳೇ ಗುರು, ಒಳ್ಳೇ ಮಾತು ಹೇಳಿದ್ರು, ಅಷ್ಟು ಸಾಕು ಅಂತ ನಾವು ಹೊರಗಿನವರು ಸುಲಭವಾಗಿ ಹೇಳ್ತೀವಿ, ಪೌಲನಿಗೆ ಅದು ಸಾಕಾಗಲ್ಲ.

ಮಾಡಿದ್ದುಣ್ಣೋ ಮಹರಾಯ ಅನ್ನೋದು ಇಲ್ಲಿ ನಡೆಯಲ್ಲ

ನಂಬಿಕೆಗಳಲ್ಲಿ ನಮಗೆ ಅತಿ ಕಷ್ಟ ಆಗೋದು ಯಾವುದು ಅಂದ್ರೆ ಎಲ್ಲರೂ ತ್ರಿತ್ವ (ತಂದೆ, ಮಗ, ಪವಿತ್ರಾತ್ಮ ಮೂವರು, ಆದ್ರೂ ದೇವರು ಒಬ್ಬನೇ ಅನ್ನೋದು) ಅಂತಾರೆ, ನನಗೆ ಕಷ್ಟ ಆಗಿದ್ದು ಕೃಪೆ. ನಾವು ಬೆಳೆದಿದ್ದೇ ಮಾಡಿದ್ದುಣ್ಣೋ ಮಹರಾಯ ಅಂತ ಕೇಳ್ಕೊಂಡು. ಈ ಜನ್ಮದಲ್ಲಿ ಆಗ್ಲಿಲ್ವಾ, ಮುಂದಿನ ಜನ್ಮದಲ್ಲಿ ತೀರಿಸ್ಬೇಕು, ಲೆಕ್ಕ ಲೆಕ್ಕವೇ.

ಲೂಕ 15ರಲ್ಲಿ ಯೇಸು ಒಂದು ಕತೆ ಹೇಳ್ತಾರೆ. ಒಬ್ಬ ಅಪ್ಪನಿಗೆ ಇಬ್ಬರು ಮಕ್ಕಳು. ಕಿರಿಯವನು ಅಪ್ಪ ಬದುಕಿರುವಾಗ್ಲೇ ಆಸ್ತಿ ಪಾಲು ಕೇಳ್ತಾನೆ, ಅಂದ್ರೆ ನೀನು ಸತ್ತಂಗೇ ಲೆಕ್ಕ ಅಂದಂಗಾಯ್ತು. ಅಪ್ಪ ಕೊಡ್ತಾನೆ. ಇವನು ದೂರದೇಶಕ್ಕೆ ಹೋಗಿ ಎಲ್ಲಾ ಉಡಾಯಿಸಿ ಕೊನೆಗೆ ಹಂದಿ ಮೇಯಿಸೋ ಕೆಲ್ಸಕ್ಕೆ ಸೇರ್ತಾನೆ, ಯೆಹೂದ್ಯರಿಗೆ ಹಂದಿ ಅಂದ್ರೆ ಗೊತ್ತಲ್ಲ. ಹಸಿವು ತಡೀಲಾರದೆ, ಅಪ್ಪನ ಹತ್ರ ಕೂಲಿಯವನಾಗಿ ಆದ್ರೂ ಸೇರ್ಕೊಳ್ಳೋಣ ಅಂತ ಡೈಲಾಗ್ ರೆಡಿ ಮಾಡ್ಕೊಂಡು ವಾಪಸ್ ಬರ್ತಾನೆ. ಅವನು ಇನ್ನೂ ದೂರದಲ್ಲಿರುವಾಗ್ಲೇ ಅಪ್ಪ ನೋಡಿ ಓಡ್ತಾನೆ. ಊರಿನ ಯಜಮಾನ, ವಯಸ್ಸಾದವನು, ಬೀದೀಲಿ ಓಡೋದು! ಡೈಲಾಗ್ ಪೂರ್ತಿ ಹೇಳೋಕೂ ಬಿಡದೆ ಒಳ್ಳೇ ನಿಲುವಂಗಿ ಹಾಕಿಸಿ, ಉಂಗುರ ತೊಡಿಸಿ, ಕೊಬ್ಬಿದ ಕರು ಕಡಿಸಿ ಊಟ ಹಾಕಿಸ್ತಾನೆ. ಹಿರಿಯ ಮಗ ಹೊಲದಿಂದ ಬಂದು ಹೊರಗೇ ನಿಂತ್ಕೊಂಡು ಕೇಳ್ತಾನೆ, ಇಷ್ಟು ವರ್ಷ ದುಡಿದೆ, ನನಗೊಂದು ಮೇಕೆಮರಿ ಕೊಟ್ಯಾ ಅಂತ.

ಪ್ರಾಮಾಣಿಕವಾಗಿ ಹೇಳ್ಬೇಕಂದ್ರೆ ನಾನು ಹಿರಿಯ ಮಗನ ಪಾರ್ಟಿ. ಆದ್ರೆ ಕತೆ ಇರೋದೇ ನಮ್ಮಂಥವರಿಗೆ ಅನ್ಸತ್ತೆ, ಅವನು ಒಳಗೆ ಹೋದ್ನೋ ಇಲ್ವೋ ಅಂತ ಯೇಸು ಹೇಳಲ್ಲ. ಕ್ರೈಸ್ತರ ನಂಬಿಕೆ ಪ್ರಕಾರ ಮನುಷ್ಯ ದೇವರಿಂದ ದೂರ ಹೋಗಿದ್ದಾನೆ, ಆ ಸ್ಥಿತಿಗೇ ಪಾಪ ಅಂತಾರೆ, ಬರೀ ಮಾಡಿದ ತಪ್ಪುಗಳ ಪಟ್ಟಿ ಅಲ್ಲ. ಅದನ್ನ ತನ್ನ ಪುಣ್ಯದಿಂದ ತೀರಿಸೋಕಾಗಲ್ಲ, ದೇವರೇ ಮನುಷ್ಯನಾಗಿ ಬಂದು ಶಿಲುಬೆ ಮೇಲೆ ಅದನ್ನ ಹೊತ್ಕೊಂಡ, ಮನುಷ್ಯ ಮಾಡ್ಬೇಕಾಗಿರೋದು ತಿರುಗಿ ಬರೋದು. ಪುಕ್ಕಟೆ ಸಿಗೋದು ಕೃಪೆ, ಒಳ್ಳೇ ಕೆಲಸ ಅದರ ಫಲ. ಪುನರ್ಜನ್ಮ ಇಲ್ಲ, ಒಂದೇ ಬದುಕು, ಕೊನೆಗೆ ಯೇಸು ಮತ್ತೆ ಬರ್ತಾರೆ, ತೀರ್ಪು ಆಗತ್ತೆ. ಇನ್ನೊಂದು ವಿಷ್ಯ, ಆತ್ಮ ಮೇಲೆ ಹೋಗಿ ಮೋಡದ ಮೇಲೆ ಕೂರೋದು ಅಂತ ಕಾರ್ಟೂನಲ್ಲಿ ತೋರಿಸ್ತಾರಲ್ಲ, ಅವರ ವಿಶ್ವಾಸ ಪ್ರಮಾಣದಲ್ಲಿ (ನಂಬಿಕೆಗಳನ್ನ ಚಿಕ್ಕದಾಗಿ ಹೇಳೋ ಪ್ರತಿಜ್ಞೆ) ಇರೋದು ಬೇರೆ, "ಶರೀರದ ಪುನರುತ್ಥಾನ" ಅಂತ ಇದೆ. ಯೇಸು ದೇಹದ ಸಮೇತ ಎದ್ದ ಹಾಗೆ ಎಲ್ಲರೂ ಏಳ್ತಾರೆ ಅಂತ. ಅದಕ್ಕೇ ಅವರು ಹೂಳೋದು ರೂಢಿ. ಮತ್ತೆ ಅದೇ ಭಾನುವಾರ.

ತ್ರಿತ್ವಕ್ಕೆ ಬರೋಣ. ನೀರು, ಐಸು, ಹಬೆ ಮೂರೂ ಒಂದೇ ಅಂತ ಉದಾಹರಣೆ ಕೊಡ್ತಾರೆ, ಅದು ತಪ್ಪು, ಹಾಗಂದವರನ್ನ ಹಳೇ ಚರ್ಚು ಪಾಷಂಡಿಗಳು ಅಂತ ಹೊರಗೆ ಹಾಕಿತ್ತು. ನಾವು ತಕ್ಷಣ ಬ್ರಹ್ಮ ವಿಷ್ಣು ಮಹೇಶ್ವರ ಅಂತೀವಿ, ಅದೂ ಅಲ್ಲ, ಇಲ್ಲಿ ಸೃಷ್ಟಿ ಸ್ಥಿತಿ ಲಯ ಅಂತ ಕೆಲಸ ಹಂಚಿಕೆ ಇಲ್ಲ. ಸಮಸ್ಯೆ ಹುಟ್ಟಿದ್ದು ಹೀಗೆ ಅಂತ ನೋಡಿದ್ರೆ ಸುಲಭ: ದೇವರು ಒಬ್ಬನೇ ಅಂತ ಪಟ್ಟು ಹಿಡಿದಿದ್ದ ಯೆಹೂದ್ಯರೇ ಯೇಸುವನ್ನ ಪೂಜೆ ಮಾಡೋಕೆ ಶುರು ಮಾಡಿದ್ರು, ಆ ಯೇಸುವೇ "ತಂದೆಯೇ" ಅಂತ ಇನ್ಯಾರಿಗೋ ಪ್ರಾರ್ಥನೆ ಮಾಡ್ತಿದ್ರು, ತಾವು ಹೋದ್ಮೇಲೆ ಪವಿತ್ರಾತ್ಮ ಬರ್ತಾರೆ ಅಂದಿದ್ರು. ಈಗ ದೇವರು ಎಷ್ಟು? ಒಂದೇ ಸತ್ವ, ಮೂವರು ವ್ಯಕ್ತಿಗಳು ಅನ್ನೋದು ಅವರು ಕೊನೆಗೆ ಒಪ್ಕೊಂಡ ಮಾತು. ಅವತಾರದ ಜೊತೆ ಹೋಲಿಸೋರು ಗಮನಿಸ್ಬೇಕಾದ್ದು, ಇಲ್ಲಿ ಅದು ಒಂದೇ ಸಲ, ದಶಾವತಾರ ಥರ ಅಲ್ಲ, ಮತ್ತೆ ಆ ಮನುಷ್ಯ ದೇಹ ಕೆಲಸ ಮುಗೀತು ಅಂತ ಬಿಟ್ಟುಹೋಗೋದೂ ಅಲ್ಲ.

ಇತಿಹಾಸ: ನಾಲ್ಕು ವರ್ಷ ನೆನಪಿಟ್ಕೊಳ್ಳಿ

ಎರಡು ಸಾವಿರ ವರ್ಷದ್ದು ಪೂರ್ತಿ ಓದೋಕೆ ಹೋದ್ರೆ ತಲೆ ಕೆಡತ್ತೆ. 325, 1054, 1517, 1962, ಇಷ್ಟು ಗೂಟ ಹೊಡ್ಕೊಂಡ್ರೆ ಉಳಿದಿದ್ದನ್ನ ಅದಕ್ಕೆ ಕಟ್ಟಬಹುದು.

ಮೊದಲ ಮುನ್ನೂರು ವರ್ಷ ಇವರದ್ದು ಸರ್ಕಾರಕ್ಕೆ ಬೇಡದ ಚಿಕ್ಕ ಗುಂಪು. ಕ್ರೈಸ್ತರನ್ನ ಹಿಂಸಿಸ್ತಿದ್ದ ಪೌಲನೇ ದಮಸ್ಕದ ದಾರೀಲಿ ಬದಲಾಗಿ, ಯೆಹೂದ್ಯರಲ್ಲದವರೂ ಸುನ್ನತಿ ಇಲ್ಲದೆ ಸೇರಬಹುದು ಅಂತ ವಾದ ಮಾಡಿ ಗೆದ್ದ, ಅದಿಲ್ಲದಿದ್ರೆ ಇದು ಯೆಹೂದ್ಯರೊಳಗಿನ ಒಂದು ಪಂಗಡವಾಗೇ ಉಳೀತಿತ್ತೇನೋ. 64ರಲ್ಲಿ ರೋಮ್ ಹೊತ್ತಿ ಉರಿದಾಗ ನೀರೋ ತಪ್ಪನ್ನ ಇವರ ತಲೆಗೆ ಕಟ್ಟಿದ, 303ರಿಂದ ಡಯೊಕ್ಲೀಷಿಯನ್ ಇನ್ನೂ ದೊಡ್ಡ ಮಟ್ಟದಲ್ಲಿ ಹಿಂಸೆ ಮಾಡ್ದ. ಹತ್ತೇ ವರ್ಷ, 313ರಲ್ಲಿ ಕಾನ್‌ಸ್ಟಂಟೈನ್ ಚಕ್ರವರ್ತಿ ಮುಕ್ತ ಅವಕಾಶ ಕೊಟ್ಟ. 380ರ ಹೊತ್ತಿಗೆ ಥಿಯೊಡೋಸಿಯಸ್ ಇದನ್ನೇ ಸಾಮ್ರಾಜ್ಯದ ಧರ್ಮ ಮಾಡ್ದ. ಏಟು ತಿನ್ನೋರ ಕೈಗೆ ದೊಣ್ಣೆ ಬಂತು, ಆಮೇಲೆ ಆ ದೊಣ್ಣೆ ಹೇಗೆ ಬೀಸಿದ್ರು ಅನ್ನೋದೂ ಇತಿಹಾಸವೇ.

325, ನೈಸಿಯಾ, ಈಗಿನ ಟರ್ಕಿಯ ಇಜ್ನಿಕ್. ಅಲೆಕ್ಸಾಂಡ್ರಿಯಾದ ಪಾದ್ರಿ ಏರಿಯಸ್ ಅನ್ನೋನು, ಮಗನೂ (ಅಂದ್ರೆ ಯೇಸುವೂ) ಸೃಷ್ಟಿಯಾದವನೇ, ಅವನಿಲ್ಲದ ಒಂದು ಕಾಲ ಇತ್ತು ಅಂದ. ಮುನ್ನೂರರ ಆಸುಪಾಸು ಬಿಷಪ್ಪರು ಸೇರಿ ಇಲ್ಲ, ತಂದೆ ಮಗ ಒಂದೇ ಸತ್ವ ಅಂತ ತೀರ್ಮಾನಿಸಿದ್ರು. ಇಲ್ಲಿ ಒಂದು ವಾಟ್ಸಾಪ್ ಕತೆ ಓಡಾಡತ್ತೆ, ನೈಸಿಯಾದಲ್ಲಿ ಕೂತು ವೋಟ್ ಹಾಕಿ ಬೈಬಲ್‌ಗೆ ಯಾವ ಪುಸ್ತಕ ಸೇರಿಸ್ಬೇಕು ಅಂತ ಆರಿಸಿದ್ರು ಅಂತ. ಸುಳ್ಳು. ಪುಸ್ತಕಗಳ ಪಟ್ಟಿ ನಿಧಾನಕ್ಕೆ ಬಳಕೆಯಲ್ಲೇ ರೂಪ ತಗೊಂಡಿದ್ದು, ಇವತ್ತಿನ 27ರ ಪಟ್ಟಿ ಹಾಗೇ ಸಿಗೋದು 367ರಲ್ಲಿ ಅಲೆಕ್ಸಾಂಡ್ರಿಯಾದ ಬಿಷಪ್ ಅಥನೇಸಿಯಸ್ ಬರೆದ ಪತ್ರದಲ್ಲಿ.

1054ರಲ್ಲಿ ರೋಮ್ ಮತ್ತೆ ಕಾನ್‌ಸ್ಟಾಂಟಿನೋಪಲ್ (ಈಗಿನ ಇಸ್ತಾಂಬುಲ್) ಚರ್ಚಿನವರು ಒಬ್ಬರನ್ನೊಬ್ಬರು ಬಹಿಷ್ಕಾರ ಹಾಕ್ಕೊಂಡ್ರು, ಪೋಪ್‌ಗೆ ಎಷ್ಟು ಅಧಿಕಾರ ಅನ್ನೋದು ದೊಡ್ಡ ಜಗಳ. ಪಶ್ಚಿಮ ಕ್ಯಾಥೊಲಿಕ್, ಪೂರ್ವ ಆರ್ಥೊಡಾಕ್ಸ್. ಗಾಯ ನಿಜವಾಗಿ ಕೊಳೆತಿದ್ದು 1204ರಲ್ಲಿ, ಜೆರುಸಲೇಮಿಗೆ ಅಂತ ಪಶ್ಚಿಮದಿಂದ ಹೊರಟ ಕ್ರುಸೇಡ್ (ಧರ್ಮಯುದ್ಧ) ಸೈನ್ಯ ಕ್ರೈಸ್ತರದ್ದೇ ಆದ ಕಾನ್‌ಸ್ಟಾಂಟಿನೋಪಲ್ಲನ್ನ ಲೂಟಿ ಮಾಡ್ದಾಗ.

1517ರಲ್ಲಿ ಜರ್ಮನಿಯ ಸನ್ಯಾಸಿ, ಪ್ರೊಫೆಸರ್ ಮಾರ್ಟಿನ್ ಲೂಥರ್. ದುಡ್ಡು ಕೊಟ್ರೆ ಪಾಪದ ಶಿಕ್ಷೆ ಕಮ್ಮಿ ಆಗತ್ತೆ ಅಂತ ಚೀಟಿ ಮಾರ್ತಿದ್ರು, ರೋಮ್‌ನಲ್ಲಿ ಸೇಂಟ್ ಪೀಟರ್ ಚರ್ಚ್ ಕಟ್ಟೋಕೆ ದುಡ್ಡು ಬೇಕಿತ್ತು. ಲೂಥರ್ 95 ಅಂಶಗಳ ತಕರಾರು ಬರೆದ. ಅವನ ಒಟ್ಟು ವಾದ ಆ ಓಡಿ ಬಂದ ಅಪ್ಪನ ಕತೆಯದ್ದೇ, ಕೃಪೆಯನ್ನ ಕೊಳ್ಳೋಕಾಗಲ್ಲ. ಪ್ರಿಂಟಿಂಗ್ ಪ್ರೆಸ್ ಬಂದು ಅರವತ್ತೇ ಚಿಲ್ಲರೆ ವರ್ಷ ಆಗಿತ್ತು, ಹಾಗಾಗಿ ಕಾಳ್ಗಿಚ್ಚಿನ ಥರ ಹಬ್ತು. ಅಲ್ಲಿಂದ ಪ್ರೊಟೆಸ್ಟೆಂಟರು, ಅವರೊಳಗೆ ನೂರೆಂಟು ಕವಲು. ಇಂಗ್ಲೆಂಡ್ ಚರ್ಚು 1534ರಲ್ಲಿ ಬೇರೆಯಾಗಿದ್ದಕ್ಕೆ ಎಂಟನೇ ಹೆನ್ರಿಯ ಮದುವೆ ತಾಪತ್ರಯ ಕಾರಣ, ಅದನ್ನ ದೇವರ ಲೆಕ್ಕಕ್ಕೆ ಬರೀಬೇಡಿ. ಅಂದಹಾಗೆ ಕೃಪೆ ವಿಷಯದಲ್ಲಿ ಲೂಥರನ್ನರೂ ಕ್ಯಾಥೊಲಿಕರೂ 1999ರಲ್ಲಿ ಕೂತು ಜಂಟಿ ಹೇಳಿಕೆಗೆ ಸಹಿ ಹಾಕಿದ್ರು, ಹತ್ರ ಹತ್ರ ಐನೂರು ವರ್ಷ ಬೇಕಾಯ್ತು.

1962ರಿಂದ 65ರವರೆಗೆ ಎರಡನೇ ವ್ಯಾಟಿಕನ್ ಮಹಾಸಭೆ. ಅಲ್ಲಿವರೆಗೂ ಬಲಿಪೂಜೆ (ಪರಮಪ್ರಸಾದ ಕೊಡೋ ಮುಖ್ಯ ಆರಾಧನೆ, ಇಂಗ್ಲಿಷಲ್ಲಿ ಮಾಸ್) ಲ್ಯಾಟಿನ್‌ನಲ್ಲಿ. ನಾನು ಆ ಮದುವೇಲಿ ಕನ್ನಡದಲ್ಲಿ "ಕ್ರಿಸ್ತರ ಶರೀರ" ಅಂತ ಕೇಳಿಸ್ಕೊಂಡಿದ್ದು ಈ ಸಭೆ ದಯೆ.

ಇದು ಬ್ರಿಟಿಷರು ತಂದ ಧರ್ಮ ಅಲ್ಲ

ಪಶ್ಚಿಮದ ಧರ್ಮ ಅಂತ ಕಣ್ಣುಮುಚ್ಚಿ ಹೇಳೋ ಮುಂಚೆ ಮ್ಯಾಪ್ ನೋಡಿ, ಹುಟ್ಟಿದ್ದು ಏಷ್ಯಾದಲ್ಲಿ. ಯೇಸುವಿನ ಶಿಷ್ಯ ಸಂತ ತೋಮ 52ರಲ್ಲಿ ಕೇರಳಕ್ಕೆ ಬಂದ್ರು ಅನ್ನೋದು ಅಲ್ಲಿನವರ ಪರಂಪರೆ, ಅದನ್ನ ದಾಖಲೆಯಿಂದ ಸಾಧಿಸೋದು ಕಷ್ಟ, ಆದ್ರೆ 849ರ ಕೊಲ್ಲಂ ತಾಮ್ರಪಟದಲ್ಲಿ ಅಲ್ಲಿನ ಚರ್ಚಿಗೆ ಕೊಟ್ಟ ಹಕ್ಕುಗಳಿವೆ, ಅದು ಗಟ್ಟಿ ಸಾಕ್ಷಿ. ಆಗ ಇಂಗ್ಲೆಂಡ್ ಅನ್ನೋ ಒಂದೇ ರಾಜ್ಯಾನೇ ಇರಲಿಲ್ಲ. ಕೇರಳದ ಆ ಹಳೇ ಕ್ರೈಸ್ತರನ್ನ (ಸಿರಿಯನ್ ಕ್ರೈಸ್ತರು ಅಂತಾರೆ) ಪೋರ್ಚುಗೀಸರು ಬಂದು ನಿಮ್ಮದು ಸರಿಯಿಲ್ಲ ಅಂತ 1599ರಲ್ಲಿ ತಿದ್ದೋಕೆ ಹೋದ್ರು, 1653ರಲ್ಲಿ ಅವರು ಮಟ್ಟಾಂಚೇರೀಲಿ ಶಿಲುಬೆಗೆ ಹಗ್ಗ ಕಟ್ಟಿ ಹಿಡ್ಕೊಂಡು ನಿಮ್ಮ ಮಾತು ಕೇಳಲ್ಲ ಅಂತ ಶಪಥ ಮಾಡಿದ್ರು.

ನಮ್ಮ ಕರಾವಳಿಯ ಕೊಂಕಣಿ ಕ್ಯಾಥೊಲಿಕರ ಬೇರು ಗೋವಾದ್ದು. ಗೋವಾದಲ್ಲಿ 1560ರಿಂದ 1812ರವರೆಗೆ ಧರ್ಮವಿಚಾರಣೆಯ ಕೋರ್ಟ್ ನಡೀತು (ಮಧ್ಯೆ ಒಂದಷ್ಟು ವರ್ಷ ನಿಂತಿತ್ತು), ಹಿಂದೂಗಳಿಗೂ ಹೊಸದಾಗಿ ಕ್ರೈಸ್ತರಾದವರಿಗೂ ಅದರಿಂದ ಆದ ಹಿಂಸೆ ಕಮ್ಮಿಯಲ್ಲ, ಇದನ್ನ ಬಿಟ್ಟು ಇತಿಹಾಸ ಹೇಳೋದು ಸರಿಯಲ್ಲ. ಇದೇ ಮಂಗಳೂರು ಕ್ಯಾಥೊಲಿಕರನ್ನ 1784ರಲ್ಲಿ ಟಿಪ್ಪು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿದ, ಬದುಕುಳಿದವರು 1799ರ ನಂತರ ವಾಪಸ್ ಬಂದ್ರು. ಅವರ ಮನೆಗಳಲ್ಲಿ ಇವತ್ತಿಗೂ ಆ ಕತೆ ಹೇಳ್ತಾರೆ.

ಪ್ರೊಟೆಸ್ಟೆಂಟರಲ್ಲಿ ಜಾನ್ ಹ್ಯಾಂಡ್ಸ್ ಬಳ್ಳಾರೀಲಿ ಕೂತು ಬೈಬಲ್ಲನ್ನ ಕನ್ನಡಕ್ಕೆ ತಂದ್ರು. 1834ರಲ್ಲಿ ಸ್ವಿಟ್ಜರ್ಲೆಂಡ್‌ನ ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದ್ರು. ಇವರ ಧರ್ಮಕ್ಕಿಂತ ಉಪಕೆಲಸಗಳೇ ನಮಗೆ ಹೆಚ್ಚು ಗೊತ್ತಿರೋದು: 1843ರಲ್ಲಿ ಮೋಗ್ಲಿಂಗ್ ತಂದ ಮಂಗಳೂರ ಸಮಾಚಾರ ಕನ್ನಡದ ಮೊದಲ ಪತ್ರಿಕೆ, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ, 1894ರಲ್ಲಿ ಕಿಟ್ಟೆಲ್ ನಿಘಂಟು, ಸುಮಾರು 70 ಸಾವಿರ ಪದ. ಹೊಲೇರು, ಬಿಲ್ಲವರು ಅಂತ ಮೇಲ್ಜಾತಿಯವರು ದೂರ ಇಟ್ಟಿದ್ದ ಜನ ಚರ್ಚಿಗೆ ಸೇರಿದ್ದಕ್ಕೆ ಓದು, ಕೆಲಸ, ಮರ್ಯಾದೆ ಎಲ್ಲಾ ಕಾರಣ ಇತ್ತು. ಹಾಗಂತ ಜಾತಿ ಚರ್ಚ್ ಬಾಗಿಲಲ್ಲೇ ಚಪ್ಪಲಿ ಥರ ಹೊರಗೆ ಉಳೀಲಿಲ್ಲ, ಒಳಗೂ ಬಂದು ಕೂತಿದೆ, ಮದುವೆ ಮಾತುಕತೆ ಬಂದಾಗ ಗೊತ್ತಾಗತ್ತೆ. 2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ ಕ್ರೈಸ್ತರು 11.4 ಲಕ್ಷ, ನೂರಕ್ಕೆ ಎರಡೂ ಇಲ್ಲ.

ಹಳೇ ಮೈಸೂರು ಕಡೆ ಕ್ಯಾಥೊಲಿಕ್ ಹಿರಿಯರ ಹೆಸರುಗಳು ನನಗೆ ತುಂಬಾ ಖುಷಿ ಕೊಡೋದು. ರಾಯಪ್ಪ ಅಂದ್ರೆ ಪೇತ್ರ. ಚಿನ್ನಪ್ಪ ಅಂದ್ರೆ ಪೌಲ, ಪೌಲುಸ್ ಅಂದ್ರೆ ಲ್ಯಾಟಿನ್‌ನಲ್ಲಿ ಚಿಕ್ಕವನು, ತಮಿಳಿನ ಚಿನ್ನ ಅಂದ್ರೂ ಅದೇ. ಅರುಳಪ್ಪ ಯೋಹಾನ, ಇನ್ನಾಸಪ್ಪ ಇಗ್ನೇಷಿಯಸ್. ನಮ್ಮ ಸ್ಕೂಲಲ್ಲಿ ಚಿನ್ನಪ್ಪ ಅನ್ನೋ ಹುಡುಗ ಇದ್ದ, ಅವನ ಹೆಸರಲ್ಲಿ ರೋಮ್ ಸಾಮ್ರಾಜ್ಯ ಅಡಗಿದೆ ಅಂತ ಆಗ ಯಾರಿಗೆ ಗೊತ್ತಿತ್ತು.

ಹೊರಗಿಂದ ನೋಡಿ ಗುರುತಿಸೋದು ಹೇಗೆ

ಒಳಗೆ ಮುಂದುಗಡೆ ಶಿಲುಬೆ ನೋಡಿ. ಅದರ ಮೇಲೆ ಯೇಸುವಿನ ದೇಹ ಇದ್ರೆ ಬಹುಪಾಲು ಕ್ಯಾಥೊಲಿಕ್, ಖಾಲಿ ಇದ್ರೆ ಬಹುಪಾಲು ಪ್ರೊಟೆಸ್ಟೆಂಟ್. ಒಬ್ಬರು ಶುಕ್ರವಾರ ತೋರಿಸ್ತಾರೆ, ಇನ್ನೊಬ್ಬರು ಭಾನುವಾರ. ಕ್ಯಾಥೊಲಿಕ್‌ನಲ್ಲಿ ಫಾದರ್, ಮದುವೆ ಆಗಿರಲ್ಲ, ಮಾತೆ ಮರಿಯಮ್ಮನ ಪ್ರತಿಮೆ ಇರತ್ತೆ. ಬೆಂಗಳೂರು ಶಿವಾಜಿನಗರದ ಸೇಂಟ್ ಮೇರಿಸ್ ಬೆಸಿಲಿಕಾದಲ್ಲಿ ಮರಿಯಮ್ಮನಿಗೆ ಸೀರೆ ಉಡಿಸ್ತಾರೆ, ಸೆಪ್ಟೆಂಬರ್ 8ರ ಹಬ್ಬಕ್ಕೆ ಎಲ್ಲಾ ಧರ್ಮದವರೂ ಬರ್ತಾರೆ. ಅದೇ ದಿನ ಮಂಗಳೂರು ಕಡೆ ಮೊಂತಿ ಫೆಸ್ತ್, ಹೊಸ ತೆನೆ ತಂದು ಹೊಸ ಅಕ್ಕಿ ಊಟ. ಮರಿಯಮ್ಮನನ್ನ ದೇವರು ಅಂತ ಪೂಜಿಸ್ತಾರಾ ಅಂತ ಕೇಳಿದ್ರೆ ಕ್ಯಾಥೊಲಿಕರು ಇಲ್ಲ ಅಂತಾರೆ, ನಮಗೋಸ್ಕರ ಬೇಡ್ಕೊಳ್ಳಿ ಅಂತ ಕೇಳ್ಕೊಳ್ಳೋದು ಅಷ್ಟೇ.

ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಅಂತ ಬೋರ್ಡ್ ಇದ್ರೆ 1947ರ ಸೆಪ್ಟೆಂಬರಲ್ಲಿ ಆಂಗ್ಲಿಕನ್, ಮೆಥೊಡಿಸ್ಟ್ ಮುಂತಾದವರು ಸೇರಿ ಆದ ಒಕ್ಕೂಟ, ಸ್ವಾತಂತ್ರ್ಯ ಬಂದ ಮುಂದಿನ ತಿಂಗಳೇ. ಒಳಗೆ ಗಿಟಾರು, ಡ್ರಮ್ಸು, ಕೈಯೆತ್ತಿ ಪ್ರಾರ್ಥನೆ ಇದ್ರೆ ಪೆಂಟಕೋಸ್ಟಲ್ ಕಡೆಯವರು, ಆ ಚಳವಳಿ ಜೋರಾಗಿದ್ದು 1906ರಲ್ಲಿ ಲಾಸ್ ಏಂಜಲೀಸ್‌ನಲ್ಲಿ, ಗುಲಾಮರಾಗಿದ್ದ ತಂದೆತಾಯಿಯ ಮಗ ವಿಲಿಯಂ ಸೇಮೋರ್‌ನಿಂದ.

ಹೋಗೋದಾದ್ರೆ ಯಾವಾಗ

ಕ್ರಿಸ್ಮಸ್ ರಾತ್ರಿ ಹೋಗ್ಬೇಡಿ, ಕಾಲಿಡೋಕೆ ಜಾಗ ಇರಲ್ಲ. ಈಸ್ಟರ್‌ಗೆ ಹೋಗಿ. ಅದು ಯೇಸು ಎದ್ದ ಆ ಭಾನುವಾರದ ಹಬ್ಬ, ಯುಗಾದಿ ಥರ ಪ್ರತಿವರ್ಷ ತಾರೀಕು ಓಡಾಡತ್ತೆ, ಚಂದ್ರನ ಲೆಕ್ಕ. ಮಾರ್ಚ್ 21ರಂದು ಅಥವಾ ಆಮೇಲೆ ಬರೋ ಹುಣ್ಣಿಮೆ ಕಳೆದ ಮೊದಲ ಭಾನುವಾರ, ಅಂದ್ರೆ ಮಾರ್ಚ್ 22ರಿಂದ ಏಪ್ರಿಲ್ 25ರೊಳಗೆ (ಆರ್ಥೊಡಾಕ್ಸ್‌ನವರದ್ದು ಬೇರೆ ಪಂಚಾಂಗ, ಅವರ ತಾರೀಕು ಹಿಂದೆಮುಂದೆ ಆಗತ್ತೆ). ಅದಕ್ಕೆ ಮುಂಚೆ ಹಣೆಗೆ ಬೂದಿ ಹಚ್ಚೋ ಬುಧವಾರದಿಂದ ಭಾನುವಾರಗಳನ್ನ ಬಿಟ್ಟು ನಲವತ್ತು ದಿನ ತಪಸ್ಸುಕಾಲ, ಆಂಟಿ ಮನೇಲಿ ಆಗ ಬಿರಿಯಾನಿ ಬಂದ್. ಕೊನೇ ವಾರದಲ್ಲಿ ಬರೋದು ಗರಿಗಳ ಭಾನುವಾರ, ಫಾದರ್ ಕೂತು ಹನ್ನೆರಡು ಜನರ ಕಾಲು ತೊಳೆಯೋ ಗುರುವಾರ, ಶುಭ ಶುಕ್ರವಾರ. ಶುಭ ಶುಕ್ರವಾರಕ್ಕೆ ಹ್ಯಾಪಿ ಗುಡ್ ಫ್ರೈಡೇ ಅಂತ ಮೆಸೇಜ್ ಕಳಿಸ್ಬೇಡಿ ದಯವಿಟ್ಟು, ಅದು ಸಾವಿನ ದಿನ.

ಹೋಗೋ ಮುಂಚೆ ಪರಿಚಯದವರಿಗೆ ಒಂದ್ಮಾತು ಹೇಳಿ. ಹಿಂದಿನ ಬೆಂಚಲ್ಲಿ ಕೂತ್ಕೊಳ್ಳಿ, ಎಲ್ಲರೂ ಎದ್ದಾಗ ಏಳಿ, ಮೊಣಕಾಲೂರೋದು ನಿಮಗೆ ಕಡ್ಡಾಯ ಅಲ್ಲ. ಕಾಣಿಕೆ ಚೀಲ ಬಂದ್ರೆ ಹಾಕ್ಬೇಕು ಅಂತೇನಿಲ್ಲ, ಮುಂದಕ್ಕೆ ಪಾಸ್ ಮಾಡಿ. ಪರಮಪ್ರಸಾದದ ಲೈನ್ ಶುರುವಾದಾಗ ಕೂತಲ್ಲೇ ಕೂತಿರಿ, ಯಾರೂ ತಪ್ಪು ತಿಳ್ಕೊಳ್ಳಲ್ಲ. ದೀಕ್ಷಾಸ್ನಾನ (ಧರ್ಮಕ್ಕೆ ಸೇರಿಸ್ಕೊಳ್ಳೋ ನೀರಿನ ಸಂಸ್ಕಾರ, ಬ್ಯಾಪ್ಟಿಸಂ) ಆಗಿ ಅದು ಕ್ರಿಸ್ತರ ದೇಹವೇ ಅಂತ ನಂಬೋರಿಗೆ ಮಾತ್ರ ಅದು, ಅದಕ್ಕೇ ಫಾದರ್ ನನ್ನ ಕೈಗೆ ಕೊಡದೆ ವಾಪಸ್ ಬಟ್ಟಲಿಗೆ ಹಾಕಿದ್ದು.

ಒಂದೇ ಸಲ ಹೋಗೋಕಾಗೋದು ಅಂದ್ರೆ ಕ್ಯಾಥೊಲಿಕ್ ಚರ್ಚಿನ ಈಸ್ಟರ್ ಹಿಂದಿನ ಶನಿವಾರ ರಾತ್ರಿ ಆರಿಸ್ಕೊಳ್ಳಿ. ಲೈಟ್ ಎಲ್ಲಾ ಆರಿಸಿರ್ತಾರೆ. ಹೊರಗೆ ಅಂಗಳದಲ್ಲಿ ಬೆಂಕಿ ಹಚ್ಚಿ, ಅದರಿಂದ ಆಳೆತ್ತರದ ಒಂದು ಮೇಣದಬತ್ತಿ ಹೊತ್ತಿಸ್ತಾರೆ, ಅದರ ಮೇಲೆ ಶಿಲುಬೆ, ಆ ವರ್ಷದ ಅಂಕಿ ಕೆತ್ತಿರ್ತಾರೆ. ಅದನ್ನ ಹಿಡ್ಕೊಂಡು ಕತ್ತಲೆ ಚರ್ಚಿನೊಳಗೆ ಬರ್ತಾರೆ, ಅದರಿಂದ ಒಬ್ಬರ ಬತ್ತಿ, ಅವರಿಂದ ಪಕ್ಕದವರದ್ದು, ಹಾಗೇ ಹಿಂದಿನ ಬೆಂಚಿನವರೆಗೂ. ನಿಮ್ಮ ಪಕ್ಕದವರು ನಿಮಗೂ ಕೊಡ್ತಾರೆ, ಇದಕ್ಕೆ ದೀಕ್ಷಾಸ್ನಾನ ಕೇಳಲ್ಲ, ತಗೊಳ್ಳಿ. ಬತ್ತಿಗೆ ಕೆಳಗೆ ಒಂದು ಪೇಪರ್ ತುಂಡು ಸುತ್ಕೊಂಡಿರಿ, ಬತ್ತಿ ಹಿಡ್ಕೊಂಡೇ ಕೇಳೋ ಹಾಡು ಉದ್ದ ಇರತ್ತೆ, ಅಷ್ಟೊತ್ತಿಗೆ ಮೇಣ ಕರಗಿ ಕೈ ಮೇಲೆ ಬೀಳತ್ತೆ.